ಅಡೊಯೊಳ ಫೋನು ನುಂಗಿದ ಐದು ಸಾವಿರ

ಅಡೊಯೊಳ ಹೆಸರು ಮೊದಲು ಕಿವಿಗೆ ಬಿದ್ದ ದಿನ ನಾನು ಸರೋವರದ ದಡದಲ್ಲಿ ಸಣ್ಣಮೀನು ಒಣಹಾಕುತ್ತಿದ್ದೆ. ನೆರೆಯವಳು ಅಲ್ಲಿಂದಲೇ ಕೂಗಿದಳು: "ನಿನ್ನ ಮೈದುನ ಓಡೆರಾ ಅಸೆಂಬೊ ಕಡೆ ಹುಡುಗೀನ ತರ್ತಾನಂತೆ. ಮೀನು ಕರಿಯೋಳು. ನಿನ್ನ ಸೆರಗಲ್ಲಿರೋ ಚಿಲ್ಲರೇನೂ ಎಣಿಸ್ತಾಳೆ, ನೋಡ್ತಿರು!"

ನಮ್ಮಲ್ಲಿ ಅಣ್ಣತಮ್ಮಂದಿರ ಹೆಂಡಿರು ಒಬ್ಬರನ್ನೊಬ್ಬರು ಸವತಿ ಎಂದೇ ಕರೆಯುವುದು. "ಸವತೀ, ನಿನ್ನ ಗಂಡ ಇವತ್ತೂ ನನ್ನ ಮೀನೇ ತಿಂದ, ದುಡ್ಡು ತೆಗಿ" ಎಂದು ಅಡೊಯೊ ಅಂಗಳದಿಂದಲೇ ಕೂಗುವಳು. ಅವಳ ಲೆಕ್ಕದಲ್ಲಿ ಒಂದು ಬಿಲ್ಲೆ ಆಚೀಚೆ ಆದದ್ದಿಲ್ಲ. ಹಾಗಾಗಿ ಊರಲ್ಲಿ ಯಾರೇ ಸತ್ತರೂ ದೂರದವರು ಮಣ್ಣಿನ ಖರ್ಚಿಗೆ ದುಡ್ಡು ಕಳಿಸುವುದು ಅವಳ ಫೋನಿಗೇ; ನಮ್ಮಲ್ಲಿ ಫೋನು ನಂಬರೇ ದುಡ್ಡಿನ ಖಾತೆ.

ಕೊನೆಗೆ ಕಾಯಿಲೆ ಬಿದ್ದು ಓಡೆರಾನೇ ಸತ್ತ. ಬಾಕಿ ಕಟ್ಟದೆ ಹೆಣ ಕೊಡುವುದಿಲ್ಲ ಎಂದಿತು ಆಸ್ಪತ್ರೆ. ನನ್ನ ಗಂಡ ಎಲ್ಲರಿಗೂ ಅದೇ ನಂಬರು ಹೇಳಿದ. ಮೊಂಬಾಸಾ ಬಂದರಿನಲ್ಲಿ ಮೂಟೆ ಹೊರುವ ಚಿಕ್ಕಪ್ಪ ಮೊದಲು ಐದು ಸಾವಿರ ಶಿಲಿಂಗು ಕಳಿಸಿದ. ಫೋನು ಸದ್ದು ಮಾಡಿತು. ಅಡೊಯೊ ನೋಡಿದಳು, ಮತ್ತೆ ನೋಡಿದಳು.

"ಇನ್ನೂರಿದೆ" ಎಂದಳು.

"ಏನು ಇನ್ನೂರು?"

"ಐದು ಸಾವಿರ ಬಂತು. ಉಳಿದಿರೋದು ಇನ್ನೂರು."

ಹಾಡಿ ಅಳುತ್ತಿದ್ದ ಹೆಂಗಸರ ಬಾಯಿ ತೆರೆದಂತೆಯೇ ನಿಂತಿತು. ನನ್ನ ಗಂಡ ಫೋನು ಕಸಿದು ನೋಡಿದ. "ಉಸಿರು ಬಿಡೋದ್ರೊಳಗೆ ದುಡ್ಡು ಎಲ್ಲಿಗೆ ಹೋಯ್ತು? ನನ್ನ ತಮ್ಮನ್ನ ಮಣ್ಣು ಮಾಡೋ ದುಡ್ಡು ಕಣೇ ಅದು!"

"ಭಾವ, ಅವರ ಔಷಧಿಗೆ ಫೋನಿಂದ್ಲೇ ಸಾಲ ಎತ್ತಿದ್ದೆ. ಸರ್ಕಾರ ಸಣ್ಣಮೀನು ಹಿಡಿಯೋದು ನಿಲ್ಸಿರೋ ತಿಂಗಳು, ಕಟ್ಟೋಕಾಗ್ಲಿಲ್ಲ. ಫೋನಲ್ಲಿ ಸೊನ್ನೆ ಅಂತಿತ್ತು. ಸೊನ್ನೆ ಅಂದ್ರೆ ಬರೀ ಖಾಲಿ ಅಂದ್ಕೊಂಡೆ. ಸಾವಿನ ಮನೆಗೆ ಬಂದ ದುಡ್ಡಿಗೆ ಸಾಲ ಕೊಟ್ಟೋರು ಯಾರಾದ್ರೂ ಕೈ ಹಾಕ್ತಾರಾ? ಹೂತ ಮೇಲೇ ಅಲ್ವಾ ಬಂದು ಕೇಳೋದು?"

ನಿಜ, ನಮ್ಮಲ್ಲಿ ಎಂಥ ಕಟುಕನೂ ಮಣ್ಣಾಗುವ ತನಕ ಕಾಯುತ್ತಾನೆ. ಫೋನಿಗೆ ಸಾವು ಎಲ್ಲಿ ಗೊತ್ತು? ಆಗ ನನಗೆ ಅರ್ಥವಾಯಿತು: ಬಂದ ದುಡ್ಡಲ್ಲಿ ಫೋನು ತನ್ನ ಸಾಲವನ್ನು ತಾನೇ ಮುರಿದುಕೊಂಡಿತ್ತು. ಸೊನ್ನೆ ನೆಲವಲ್ಲ, ಅದರ ಕೆಳಗೂ ಹಳ್ಳವಿದೆ. ಸುರಿದದ್ದೆಲ್ಲ ಮೊದಲು ಆ ಹಳ್ಳಕ್ಕೆ, ತುಂಬಿ ಮಿಕ್ಕಿದ್ದು ಮಾತ್ರ ಕಣ್ಣಿಗೆ.

ಉಳಿದವರಿಗೆ ಹಾಗೆ ಕಾಣಲಿಲ್ಲ. ಮುದುಕಿಯೊಬ್ಬಳು ಎಲ್ಲರಿಗೂ ಕೇಳುವಂತೆ, "ಮೀನು ಎಣಿಸೋಳು ಗಂಡನ ಹೆಣಾನೂ ಎಣಿಸ್ಕೊಂಡ್ಲು" ಎಂದಳು. ಅಡೊಯೊ ಅಳಲಿಲ್ಲ. ಏಟು ತಿಂದವಳಂತೆ ಫೋನನ್ನೇ ನೋಡುತ್ತ ಕುಳಿತಳು.

ನನ್ನ ನಂಬರು ಹೇಳಿ ಮತ್ತೆ ಕೂಡಿಸಿದೆವು. ಶನಿವಾರ ಓಡೆರಾನನ್ನು ಮನೆಯಂಗಳದಲ್ಲೇ ಹೂತೆವು. ಚಿಕ್ಕಪ್ಪ ಬರಲಿಲ್ಲ. ಅಡೊಯೊಳೇ ದುಡ್ಡು ತಿಂದಳೆಂದು ಯಾರೋ ಅವನಿಗೆ ಆಗಲೇ ಮುಟ್ಟಿಸಿದ್ದರು. ಆಮೇಲೆ ಯಾವ ಸಾವಿಗೂ ಅಡೊಯೊಳ ನಂಬರನ್ನು ಯಾರೂ ಕೊಡಲಿಲ್ಲ. ಅವಳ ಒಲೆಯ ಮುಂದೆ ಗಿರಾಕಿಗಳು ಚಿಲ್ಲರೆಯನ್ನು ತಿರುಗಿ ಎಣಿಸತೊಡಗಿದರು. ಮೀನು ಕರಿದು ಕೂಡಿಟ್ಟು ಚಿಕ್ಕಪ್ಪನಿಗೆ ಐದು ಸಾವಿರ ಕಳಿಸಿದಳು. ಅವನು ಅಷ್ಟನ್ನೂ ಹಿಂದಕ್ಕೆ ಕಳಿಸಿದ. ಆ ದಿನ ಅವಳು ಒಲೆ ಹೊತ್ತಿಸಲಿಲ್ಲ.

ಅಡೊಯೊ ಕೆಮ್ಮು ಹತ್ತಿ ಮಲಗಿದಾಗ ಗಂಜಿ ಕುಡಿಸುತ್ತಿದ್ದವಳು ನಾನೇ. ಒಂದು ಸಂಜೆ ಬಟ್ಟಲನ್ನು ಪಕ್ಕಕ್ಕೆ ಸರಿಸಿ ನನ್ನ ಮಣಿಕಟ್ಟು ಹಿಡಿದಳು.

"ಸವತೀ, ಮೊಂಬಾಸಾಕ್ಕೆ ನೀನೇ ಹೋಗು, ಫೋನಲ್ಲಿ ಬೇಡ. ಚಿಕ್ಕಪ್ಪನ ಎದುರಿಗೆ ಕೂತು ಹೇಳು. ಆ ದುಡ್ಡು ಓಡೆರಾನ ಔಷಧಿಗೆ ಹೋಯ್ತು, ನಾನು ತಿನ್ಲಿಲ್ಲ ಅಂತ. ಹೇಳ್ತೀಯಲ್ಲ?"