ಗಾಳಿಯ ಕರೆಂಟಿಗೆ ಇಪ್ಪತ್ತೈದು ವರ್ಷದ ಸಹಿ

ನನ್ನ ಸೋದರಮಾವ ನಂಜಪ್ಪನವರು ಕಾಫಿ ಬೇಡ ಅಂದರೆ ಏನೋ ಆಗಿದೆ ಎಂದೇ ಅರ್ಥ.

ಹೋದ ಭಾನುವಾರ ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಚಾಮರಾಜನಗರದ ನಮ್ಮ ಮನೆಗೆ ಬಂದವರು, ಕಾಫಿ ಲೋಟ ಸರಿಸಿ ಒಂದು ಫೈಲನ್ನು ನನ್ನ ಕೈಗಿತ್ತರು.

"ಬರೀ ಇಂಗ್ಲೀಷು ಕಣ್ಲಾ. ಒಂದಕ್ಸರನೂ ಬುಡ್ದಂಗೆ ಓದಿ ತಿಳ್ಸು."

ಮಾವ ಗುಂಡ್ಲುಪೇಟೆ ಪುರಸಭೆಯ ಸದಸ್ಯರು. ಬೀದಿದೀಪಕ್ಕೂ ನೀರಿನ ಪಂಪಿಗೂ ಗಾಳಿಯಿಂದ ಕರೆಂಟು ಕೊಡುತ್ತೇವೆಂಬ ಕಂಪನಿಯೊಂದನ್ನು ಊರಿಗೆ ಕರೆತಂದವರೂ ಅವರೇ. ಪಕ್ಕದ ಬೇಗೂರಿನ ತನಕ ಸಿಕ್ಕಸಿಕ್ಕವರಿಗೆಲ್ಲ ಅದೇ ಮಾತು. (ಮನೆಯಲ್ಲಿ ಗೌರತ್ತೆ ಫ್ಯಾನ್ ಹಾಕಿದರೂ ಸಾಕು, "ಕರೆಂಟ್ ಕೊಟ್ರೆ ಗಾಳಿ, ಗಾಳಿ ಕೊಟ್ರೆ ಕರೆಂಟು ಕಣಮ್ಮಿ" ಎಂದು ಪಾಠ ಶುರು.)

ಫೈಲಿನಲ್ಲಿದ್ದದ್ದು ಆ ಕಂಪನಿಯ ಕರಾರು. ಇಪ್ಪತ್ತೈದು ವರ್ಷ ಒಂದೇ ದರ. ನಾಳೆ ಬೇರೆ ಕಡೆ ಕರೆಂಟು ಅಗ್ಗವಾದರೂ ಇದೇ ದರ. ಊರು ಬಳಸಲಿ ಬಿಡಲಿ, ತಯಾರಾದದ್ದಕ್ಕೆಲ್ಲ ದುಡ್ಡು. ಗಾಳಿ ಬೀಸದಿದ್ದರೆ? ಕಂಪನಿ ಜವಾಬ್ದಾರಿಯಲ್ಲ.

"ನಡೂವೆ ಬುಡಂಗಿಲ್ವಾ?"

"ಬಿಡಬಹುದು ಮಾವ. ಉಳಿದ ವರ್ಷಗಳ ದುಡ್ಡನ್ನೂ ಕಟ್ಟಿ ಬಿಡಬೇಕು."

 ಮಾವನ ಮುಖ ನೋಡಿ, ಯಾಕಾದರೂ ಓದಿದೆನೋ ಅನ್ನಿಸಿತು.

ಬುಧವಾರದ ಪುರಸಭೆ ಮೀಟಿಂಗಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಅವರನ್ನು ಅಭಿನಂದಿಸಲು ಹಾರ ಬೇರೆ ತಂದಿಟ್ಟಿದ್ದರು. ಮಾವ ಎದ್ದು, ತಾವೇ ತಂದ ಪ್ರಸ್ತಾಪಕ್ಕೆ ತಾವೇ ಅಡ್ಡ ನಿಂತರು.

"ತಪ್ಪು ನಂದೇಯ. ಓದ್ದೆಯ ಕುಣುದ್ಬುಟ್ಟೆ. ಐದ್ ವರ್ಸಕ್ಕಾದ್ರೆ ಮಾಡನ. ಬಳಸಿದಷ್ಟಕ್ಕೆ ಕಾಸ್ ಕೊಡನ."

ಕಂಪನಿಯ ಅಧಿಕಾರಿ ನಯವಾಗಿಯೇ ಹೇಳಿದರು: "ಸಾರ್, ಐದು ವರ್ಷದ ಭರವಸೆ ನಂಬಿ ಯಂತ್ರಕ್ಕೆ ಯಾವ ಬ್ಯಾಂಕೂ ಸಾಲ ಕೊಡಲ್ಲ. ಇದು ನಿಮ್ಮೂರಿನ ಭವಿಷ್ಯ." (ಅದೂ ಸುಳ್ಳಲ್ಲ.)

"ಅದು ನಮ್ ಮೊಮ್ಮಕ್ಕಳ ಕಾಲ ಸ್ವಾಮಿ. ಅವ್ರ ಎಸರಲ್ಲಿ ನಾನೆಂಗೆ ಸೈನ್ ಆಕ್ಲಿ?"

ಷರತ್ತು ಬದಲಿಸಿ ಬನ್ನಿ ಎಂದು ಕಂಪನಿಗೆ ಹೇಳಿ ಸಭೆ ಎದ್ದಿತು. ಹಾರ ಮೇಜಿನ ಮೇಲೇ ಉಳಿಯಿತು.

ಮನೆಗೆ ಬಂದ ಮಾವ ಜಗಲಿಯಲ್ಲೇ ಕೂತುಬಿಟ್ಟರು. "ಊರೋರೆಲ್ಲ ನಗ್ತಾರೆ ಈಗ."

ಗೌರತ್ತೆ ತಟ್ಟೆಯನ್ನು ಅಲ್ಲಿಗೇ ತಂದಿಟ್ಟರು. "ನಗ್ಲಿ ಬುಡಿ. ನಾಕ್ ಜನದ ಮುಂದೆ ತಪ್ಪು ಒಪ್ಕಂಡ್ರಲ್ಲ, ಅವ್ರಲ್ಲಿ ಯಾರು ಒಪ್ಕಂಡಾರು? ಉಣ್ಣಿ."

ಮಾವ ಉಂಡರು. ಎರಡನೇ ಸಲ ಸಾರೂ ಹಾಕಿಸಿಕೊಂಡರು.

ನಮ್ಮ ಕಡೆಗೂ ಗಾಳಿಯ ಕರೆಂಟು ಬರಲಿ ಎಂಬ ಆಸೆ ನನಗೂ ಇದೆ. ಆದರೆ ಐದು ವರ್ಷಕ್ಕೆ ಆರಿಸಿ ಬಂದವರು ಇಪ್ಪತ್ತೈದು ವರ್ಷಕ್ಕೆ ಸಹಿ ಹಾಕುವ ಧೈರ್ಯವನ್ನು ಎಲ್ಲಿಂದ ತರುತ್ತಾರೆ?