ದೀಪಸ್ತಂಭದ ಹೊಟ್ಟೆ ಸೀಳು

ಊರಿನವರೆಲ್ಲ ಅವನನ್ನು ಬೋರ್ಡಪ್ಪ ಎಂದೇ ಕರೆಯುತ್ತಿದ್ದರು. ಹಲ್ಲಿನ ಡಾಕ್ಟರಿಂದ ಹಿಡಿದು ಹಾಲಿನ ಡೈರಿಯವರೆಗೆ ಯಾರ ಬಾಗಿಲ ಮೇಲೆ ನೋಡಿದರೂ ಅವನದೇ ಅಕ್ಷರ. ಮೂವತ್ತು ವರ್ಷ ಕುಂಚ ಹಿಡಿದು ಅವನು ಸಂಪಾದಿಸಿದ್ದು ಎರಡೇ: ಒಂದು ಸೊಂಟನೋವು, ಒಂದು ವೀರಗಾಥೆ. ಸೊಂಟನೋವು ನಿಜವಾದದ್ದು.

ವೀರಗಾಥೆಯ ಕಥಾವಸ್ತು ಇಷ್ಟು. ದೊಡ್ಡ ಸರೋವರದ ಆಚೆ ದಡದಲ್ಲಿ, ಪಕ್ಷಿಧಾಮದ ನಟ್ಟನಡುವೆ, ಹಿಂದೆ ಸರಕಿನ ದೋಣಿಗಳಿಗೆ ದಾರಿ ತೋರಿಸಲು ಕಟ್ಟಿದ ಒಂದು ಹಳೆಯ ದೀಪಸ್ತಂಭವಿದೆ. ಅದರ ಹೆಸರನ್ನು ಅದರ ಮೇಲೆ ಬರೆದವನು ಬೋರ್ಡಪ್ಪ. ಮದುವೆಯಾದ ಹೊಸದರಲ್ಲಿ ಆ ಅಕ್ಷರಗಳು ಗೇಣುದ್ದ ಇದ್ದವು. ಮಗಳು ಹುಟ್ಟುವ ಹೊತ್ತಿಗೆ ಮೊಳದುದ್ದ ಬೆಳೆದವು. ಮಗಳ ಮದುವೆಯ ಹೊತ್ತಿಗೆ ಆಳೆತ್ತರವಾಗಿ, ಅವನು ನೂರಡಿ ಮೇಲೆ ಹಗ್ಗಕ್ಕೆ ಜೋತುಬಿದ್ದು, ಒಂದು ಕೈಯಲ್ಲಿ ಹದ್ದುಗಳನ್ನು ಅಟ್ಟುತ್ತ ಇನ್ನೊಂದು ಕೈಯಲ್ಲಿ ಬರೆದದ್ದಾಗಿತ್ತು. ನಿಜವೆಂದರೆ ಬರೆದದ್ದು ಬಾಗಿಲ ಮೇಲೆ, ಸ್ಟೂಲು ಹತ್ತಿ. ಸ್ಟೂಲಿನ ಮೇಲೆಯೇ ಶೂರನಿಗೆ ತಲೆ ತಿರುಗಿತ್ತು. ಆದರೆ ಅಲ್ಲಿಗೆ ಹೋಗಬೇಕೆಂದರೆ ಎರಡು ಬಸ್ಸು, ಒಂದು ದೋಣಿ, ಮೇಲೆ ಮೂರು ಮೈಲಿ ನಡಿಗೆ. ಯಾವ ಮಹಾರಾಯ ಹೋಗಿ ಅಳೆದು ನೋಡುತ್ತಾನೆ?

ಅಳೆಯುವವಳು ಮನೆಯಲ್ಲೇ ಇದ್ದಳು. ಅವನ ಹೆಂಡತಿ ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಉಪ್ಪಿನ ಪೊಟ್ಟಣದ ಮೇಲಿನ ಕಾಗುಣಿತವನ್ನೂ ತಿದ್ದಿಯೇ ಉಪ್ಪು ಬಡಿಸುವವಳು. ಒಂದು ಸಂಜೆ ಅವಳು ಬಂದವಳೇ ಚೀಲವನ್ನು ಕುರ್ಚಿಗೆ ಎಸೆದಳು.

"ರೀ, ನಿಮ್ಮ ದೀಪಸ್ತಂಭದ ಮೇಲೆ ಒಬ್ಬರು ಸಂಶೋಧಕರು ಪುಸ್ತಕ ಬರೆದಿದ್ದಾರೆ. ಉದ್ದಕ್ಕೂ ಹೊಟ್ಟೆ ಸೀಳದೆ 'ದೀಪಸ್ತಂಬ' ಅಂತ. ನಾನು ಎಲ್ಲಾ ಕಡೆ ಸೀಳಿ ಭ ಮಾಡಿದೆ. ಸಿಟ್ಟಿಗೆದ್ದು ಕುಣಿದಾಡಿಬಿಟ್ರು. ಸ್ತಂಭದ ಬಾಗಿಲ ಮೇಲೆ ಸೀಳಿಲ್ಲದೇನೇ ಇದೆಯಂತೆ."

ಬೋರ್ಡಪ್ಪನ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಬ ಭ ಆಗಬೇಕಾದರೆ ಕೆಳಗೆ ಒಂದೇ ಒಂದು ಗೀಟು ಸಾಕು. ಆ ಗೀಟು ಎಳೆಯಬೇಕಾದ ಗಳಿಗೆಯಲ್ಲೇ ಸ್ಟೂಲು ಅಲ್ಲಾಡಿದ್ದು, ಅವನು ಇಳಿದದ್ದು, ಇಳಿದವನು ಮತ್ತೆ ಹತ್ತದೇ ಇದ್ದದ್ದು ಈಗ ಒಂದೊಂದಾಗಿ ನೆನಪಾಯಿತು.

"ನಾನೇನಂದೆ ಗೊತ್ತಾ? 'ಅದನ್ನ ಬರೆದದ್ದು ನಮ್ಮನೆಯವರು. ಜಂಬ ಕೊಚ್ಕೋತಾರೆ, ಸುಳ್ಳೂ ಹೇಳ್ತಾರೆ. ಆದ್ರೆ ಅಕ್ಷರ ತಪ್ಪೋರಲ್ಲ' ಅಂದೆ. ಮ್ಯಾನೇಜರ ಮುಂದೇನೇ ಅಂದೆ. ಭಾನುವಾರ ಹೋಗಿ ಕಣ್ಣಾರೆ ನೋಡ್ಕೊಂಡು ಬರೋಣ."

ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಮೊದಲ ಸಲ ಹೆಂಡತಿ ಹೊಗಳಿದ್ದಳು. ಹೊಗಳಲು ಹುಡುಕಿ ಹುಡುಕಿ ಇದನ್ನೇ ಆರಿಸಿಕೊಂಡಿದ್ದಳು.

ಭಾನುವಾರ ಊಟದ ಡಬ್ಬಿಯ ಕೆಳಗೆ, ಟವೆಲಿನಲ್ಲಿ ಸುತ್ತಿದ ಕಪ್ಪು ಬಣ್ಣದ ಡಬ್ಬಿ ಮತ್ತು ಒಂದು ಸಣ್ಣ ಕುಂಚ ಗುಟ್ಟಾಗಿ ಪ್ರಯಾಣ ಹೊರಟವು. ಅವಳನ್ನು ಹಕ್ಕಿ ನೋಡಲೆಂದು ಮೇಲೆ ಹತ್ತಿಸುವುದು, ಕೆಳಗೆ ಒಂದು ಗೀಟು ಎಳೆಯುವುದು. ರಾಜ್ಯಗಳನ್ನು ಗೆದ್ದವರೂ ಇಷ್ಟು ಅಚ್ಚುಕಟ್ಟಾದ ಯೋಜನೆ ಹಾಕಿರಲಾರರು ಎಂದು ದೋಣಿಯಲ್ಲಿ ಕುಳಿತ ಬೋರ್ಡಪ್ಪ ತನ್ನ ಬೆನ್ನು ತಾನೇ ತಟ್ಟಿಕೊಂಡ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ಅವನನ್ನೇ ದಿಟ್ಟಿಸಿದವು.

ಸೊಂಟದೆತ್ತರದ ಹುಲ್ಲು ಸೀಳಿಕೊಂಡು ನಡೆದು ಇಬ್ಬರೂ ಬಾಗಿಲ ಮುಂದೆ ನಿಂತರು. ಅಕ್ಷರಗಳು ಗೇಣುದ್ದ ಇದ್ದವು.

"ಆಳೆತ್ತರ ಅಂದಿದ್ರಿ?"

"ಆಗ ನಾನೂ ಸಣ್ಣವನಿದ್ದೆ ಕಣೇ."

ಅವಳಿಗೆ ಕೇಳಿಸಲಿಲ್ಲ. ಅವಳ ಕಣ್ಣು ಕೊನೆಯ ಅಕ್ಷರದ ಮೇಲಿತ್ತು. ಬ ಇತ್ತು, ಅದರ ಹೊಟ್ಟೆಯಿಂದ ಕೆಳಕ್ಕೆ ಏನೂ ಕಾಣುತ್ತಿರಲಿಲ್ಲ. ಅಲ್ಲಿ ಅಂಬರಗುಬ್ಬಿಯೊಂದು ಬಟ್ಟಲಿನಂಥ ಮಣ್ಣಿನ ಗೂಡು ಮೆತ್ತಿತ್ತು.

"ಮುಟ್ಬೇಡಿ ಅಮ್ಮಾ, ಮೊಟ್ಟೆ ಇದೆ," ಎಂದ ಹಿಂದಿನಿಂದ ಬಂದ ಪಕ್ಷಿಧಾಮದ ಕಾವಲುಗಾರ. "ಪ್ರತಿ ವರ್ಷ ಅಲ್ಲೇ ಕಟ್ತವೆ. ಪುಸ್ತಕದ ಸಾರ್ ಬಂದಾಗಲೂ ಇತ್ತು."

ಹೆಂಡತಿಯ ಮುಖ ಅರಳಿತು. "ಹಾಗಾದ್ರೆ ಅವರಿಗೆ ಸೀಳು ಕಂಡೇ ಇಲ್ಲ. ಗೂಡಿನ ಹಿಂದೆ ಇದೆ, ಅಲ್ವೇನ್ರೀ?" ಸಂಶೋಧಕರಿಗೆ ಹೇಳಲು ಆಗಲೇ ಫೋನು ತೆಗೆದಿದ್ದಳು.

ಜಟ್ಟಿ ಜಾರಿ ಬಿದ್ದಿದ್ದ. ಮೀಸೆ ಮಣ್ಣಾಗದಿರಲೆಂದು ಹಕ್ಕಿಯೇ ಮಣ್ಣನ್ನೆಲ್ಲ ಕೊಕ್ಕಿನಲ್ಲಿ ಹೊತ್ತು ತಂದಿತ್ತು. 'ಹೂಂ' ಎಂದರೆ ಮುಗಿಯಿತು. ಬೋರ್ಡಪ್ಪ ಬಾಯಿ ತೆರೆದ. ಹದ್ದಿನ ಸುಳ್ಳು ಸಲೀಸಾಗಿ ಬರುತ್ತಿತ್ತು, ಏಕೆಂದರೆ ಅದನ್ನು ಅವಳು ಒಂದು ದಿನವೂ ನಂಬಿರಲಿಲ್ಲ. ಇದನ್ನು ನಂಬಿದ್ದಳು.

"ಇಲ್ಲ ಕಣೇ. ಹಿಂದೇನೂ ಇಲ್ಲ. ತಲೆ ತಿರುಗ್ತು, ಗೀಟು ಎಳೀದೆ ಇಳಿದುಬಿಟ್ಟೆ."

"ನೂರಡಿ ಮೇಲಿಂದ?"

"ಸ್ಟೂಲಿನ ಮೇಲಿಂದ."

ಅವಳು ಊಟದ ಚೀಲದತ್ತ ತಿರುಗಿದಳು. "ಅದಕ್ಕೇ ಬೆಳಗ್ಗೆಯಿಂದ ಊಟದ ಚೀಲ ಬಣ್ಣದ ವಾಸನೆ ಹೊಡೀತಿದೆ," ಎಂದು ನಂಬರು ಒತ್ತಿ ಫೋನನ್ನು ಅವನ ಕೈಗೆ ತುರುಕಿದಳು. "ಮಾತು ಕೊಟ್ಟವಳು ನಾನು. ವಾಪಸ್ ತಗೊಳ್ಳೋರು ನೀವು."

ಬೋರ್ಡಪ್ಪ ಸಂಶೋಧಕರಿಗೆ ಎಲ್ಲವನ್ನೂ ಒಪ್ಪಿಸಿದ. ಆ ಕಡೆಯಿಂದ ಪುಟ ಮಗುಚುವ ಸದ್ದು ಕೇಳಿಸಿತು.

"ಸ್ತಂಬ ಅಂದ್ರೆ ಹುಲ್ಲಿನ ಪೊದೆ, ಸ್ವಾಮಿ. ಹಿಂದಿನವರು ಅಲ್ಲಿ ಹುಲ್ಲಿನ ದಿಬ್ಬದ ಮೇಲೆ ದೀಪ ಇಡ್ತಿದ್ರು, ಅದಕ್ಕೇ ಈ ಹೆಸರು ಅಂತ ನಾನು ಹದಿನಾಲ್ಕು ಪುಟ ಬರೆದಿದ್ದೀನಿ."

"ತಪ್ಪಾಯ್ತು ಸಾರ್."

"ನೀವು ಬರೆಯೋವಾಗ ಅಲ್ಲಿ ಹುಲ್ಲಿತ್ತಾ?"

"ಇತ್ತು ಸಾರ್. ಈಗಿನಷ್ಟೇ."

"ಅಷ್ಟು ಸಾಕು," ಎಂದು ಅವರು ಫೋನು ಇಟ್ಟರು.

ಹೆಂಡತಿ ಮೆಟ್ಟಿಲ ಮೇಲೆ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದಳು. "ನಾಳೆ ಮ್ಯಾನೇಜರ ಮುಂದೆ ನಾನೇನು ಹೇಳಲಿ?"

"ನಮ್ಮನೆಯವರು ಅಕ್ಷರ ತಪ್ತಾರೆ, ಸುಳ್ಳು ಹೇಳಲ್ಲ ಅನ್ನು."

ಅವಳು ಒಂದು ತುತ್ತು ಅಗಿಯುವಷ್ಟು ಹೊತ್ತು ಆ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿದಳು.

"ನಡುವೆ ಒಂದು ಪದ ಬಿಟ್ಟುಹೋಗಿದೆ," ಎಂದಳು. "'ಇವತ್ತು.'"