ಬರ್ಗಂಡಿಗೆ ಇಟ್ಟ ಕುಂಕುಮ

ಎರಡು ಸಾವಿರದ ಇಸವಿಯ ಆಚೀಚೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಎಪ್ಪತ್ತು ದಾಟಿದ ವಿಧವೆ. ಪಕ್ಕದ ಮನೆಯಲ್ಲೇ ಇದ್ದರು. ಕೀಲಿಕೈ ಕೊಡುವಾಗ ಒಂದೇ ಮಾತು ಹೇಳಿದ್ದರು: ಗೋಡೆಯ ಮೇಲಿನ ನಕ್ಷೆ ತೀರಿಕೊಂಡ ಗಂಡ ತಂದದ್ದು, ಅದನ್ನು ಮುಟ್ಟಬೇಡಿ. ಫ್ರಾನ್ಸಿನ ಬರ್ಗಂಡಿ ಸೀಮೆಯ ಹಳೇ ಕಾಲದ ನಕ್ಷೆ ಅದು. ಊರೂರಿಗೂ ಪುಟ್ಟ ಗೋಪುರ, ಮೂಲೆಯಲ್ಲಿ ದ್ರಾಕ್ಷಿಗೊಂಚಲು, ಕುರಿಗಳು, ಮೈಮೇಲೆ ಬಟ್ಟೆಯಿಲ್ಲದ ಗುಂಡು ಗುಂಡು ಮಕ್ಕಳು. ಮುಟ್ಟಬೇಡಿ ಎಂದದ್ದನ್ನು ಮುಟ್ಟದೆ ಇರುವ ಜಾಯಮಾನ ನನ್ನದಲ್ಲ. ಆದರೂ ಏಳು ತಿಂಗಳು ತಡೆದುಕೊಂಡೆ.

ದಸರಾ ಬಂತು. ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ಪಟ್ಟದ ಗೊಂಬೆಗಳನ್ನು, ರಾಜ ರಾಣಿಯನ್ನು, ಮೆಟ್ಟಿಲ ಮೇಲೆ ಕೂರಿಸಿದೆ. ಹಿಂದೆ ಬೋಳು ಗೋಡೆ. ರಾಜ ಎಂದಮೇಲೆ ರಾಜ್ಯ ಬೇಡವೇ? ನಕ್ಷೆ ಇಳಿಸಿ ಅವರ ಹಿಂದೆ ಒರಗಿಸಿದೆ. ಸೀರಿಯಲ್ ಸೆಟ್ ದೀಪಗಳು ನಕ್ಷೆಯ ಚೌಕಟ್ಟಿನ ಗಾಜಿನಲ್ಲಿ ಹೊಳೆದು ಏನೂ ಕಾಣದಾಯಿತು. ಗಾಜನ್ನೂ ತೆಗೆದೆ.

“ಅವರು ಕೇಳಿದ್ರೆ ನಾನು ಡ್ಯೂಟೀಲಿದ್ದೆ ಅಂತ ಹೇಳ್ಬಿಡು, ಡ್ಯೂಟಿ ಪಟ್ಟಿ ಬೇಕಾದ್ರೆ ತೋರ್ಸು,” ಎಂದು ನಮ್ಮವರು ಆಸ್ಪತ್ರೆಗೆ ಜಾರಿಕೊಂಡರು.

ಸಂಜೆ ಆರತಿಗೆ ಮುಂಚೆ ರಾಜನಿಗೆ ಕುಂಕುಮ ಇಟ್ಟೆ, ರಾಣಿಗೆ ಇಟ್ಟೆ, ಅದೇ ಭರದಲ್ಲಿ ಕೈ ಮುಂದೆ ಹೋಗಿ ಬರ್ಗಂಡಿಗೂ ಇಟ್ಟುಬಿಟ್ಟಿತು. ಹೊಸಿಲಿನಿಂದ ರುಬ್ಬುಗುಂಡಿನವರೆಗೆ ಎಲ್ಲಕ್ಕೂ ಕುಂಕುಮವಿಡುವ ಮನೆಯಲ್ಲಿ ಬೆಳೆದ ಬೆರಳು, ಗಾಜಿಲ್ಲವೆಂಬುದು ಅದಕ್ಕೆಲ್ಲಿ ನೆನಪು? ಒದ್ದೆ ಹತ್ತಿಯಿಂದ ಒರೆಸಿದೆ. ಒಂದು ಊರಿನಷ್ಟಿದ್ದ ಕೆಂಪು ನಾಲ್ಕು ಊರಿಗೆ ಹಬ್ಬಿತು. ಗಂಡನ ನೆನಪಿಗೆಂದು ಆಕೆ ಜೋಪಾನ ಮಾಡಿದ್ದನ್ನು ನಾನು ಹಾಳುಮಾಡಿದ್ದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಗೊಂಬೆ ನೋಡಲು ಬನ್ನಿ ಎಂದು ವಾರದ ಹಿಂದೆ ಆಕೆಯನ್ನು ನಾನೇ ಕರೆದಿದ್ದೆ!

ಬಾಗಿಲಿಗೆ ಹೋಗುವಷ್ಟರಲ್ಲಿ ಮೂರು ಸುಳ್ಳು ಹೊಂದಿಸಿಕೊಂಡೆ. ಮುಖ ನೋಡಿದ ಕೂಡಲೇ ಮೂರೂ ಮರೆತುಹೋದವು. ಒಳಗೆ ಕರೆತಂದು ನಕ್ಷೆ ತೋರಿಸಿ, “ನಾನೇ ಮಾಡಿದ್ದು, ಕ್ಷಮಿಸಿ,” ಎಂದೆ.

ಆಕೆ ಕನ್ನಡಕ ಹಾಕಿಕೊಂಡು ನಕ್ಷೆಗೆ ಮೂಗು ತಾಗುವಷ್ಟು ಬಗ್ಗಿದರು.

“ಇದನ್ನ ಯಾಕೆ ಹಚ್ಚಿದೆ?”

“ನಮ್ಮಲ್ಲಿ ಗೌರವಕ್ಕೆ ಇಡ್ತೀವಿ.”

ಅವರ ಬೆರಳು ನಕ್ಷೆಯ ಮೇಲೆಲ್ಲ ಅಲೆದು, ಅಂಚಿನಲ್ಲಿದ್ದ ಒಂದು ಹಳ್ಳಿಯ ಹತ್ತಿರ ನಿಂತಿತು. “ಇಲ್ಲೊಂದು ಪುಟ್ಟ ಮನೆ ಮಾಡೋಣ ಅಂತ ನಮ್ಮವರನ್ನ ಮೂವತ್ತು ವರ್ಷ ಕೇಳಿದೆ. ನನ್ನ ಬಾಯಿ ಮುಚ್ಚಿಸೋಕೆ ಈ ನಕ್ಷೆ ತಂದುಕೊಟ್ಟರು.”

ಆಮೇಲೆ ಕುಂಕುಮದ ಬಟ್ಟಲಿನಲ್ಲಿ ಬೆರಳದ್ದಿ, ಆ ಹಳ್ಳಿಯ ಮೇಲೆ ಬಲವಾಗಿ ಒತ್ತಿದರು.